ಮನೆಯನ್ನು ಓಡಿಸಬಹುದೆ?

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಅತಿ ಹೆಚ್ಚು ಅರ್ಥಗಳನ್ನು ಹೊತ್ತ ಪದವೆಂಬ ಹಿರಿಮೆ ಬಹುಕಾಲ ‘ಸೆಟ್’ ಎಂಬುದಕ್ಕಿತ್ತು. ಇಡು, ಕೂರಿಸು, ನೆಲೆಗೊಳಿಸು ಎಂಬ ಭಾವದ ಪದ ಅದು. ಹೊಸ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು. ಕ್ರಿಯಾಪದವಾಗಿ ಮಾತ್ರವೇ ಅದಕ್ಕೆ 645 ಅರ್ಥಗಳು. ಅವನ್ನು ಬಿಡಿಸಿ ಜೋಡಿಸಲು ನಿಘಂಟುಕಾರ ಪೀಟರ್ ಗಿಲಿವರ್ ಒಂಬತ್ತು ತಿಂಗಳಿಗೂ ಮಿಕ್ಕಿ ಕುಳಿತರು. ನೆಲೆಯ ಪದ ಹಿಂದೆ ಸರಿದು ಓಟದ ಪದ ಮುಂದೆ ಬಂದುದನ್ನು ಬರಿಯ ಎಣಿಕೆಯೆಂದು ಬಿಟ್ಟುಬಿಡಲು ನಮ್ಮ ಮನಸ್ಸು ಒಪ್ಪೀತೆ? ಯಂತ್ರ ಬಂತು, ರೈಲು ಬಂತು, ಕಂಪ್ಯೂಟರ್ ಬಂತು. ಬಂದುದಕ್ಕೆಲ್ಲ ಆ ಭಾಷೆ ಇದೊಂದೇ ಪದವನ್ನು ತೊಡಿಸಿತು.

ಇಂಗ್ಲಿಷಿನಲ್ಲಿ ನದಿಯೂ ಓಡುತ್ತದೆ, ನೆಗಡಿಯಾದ ಮೂಗೂ ಓಡುತ್ತದೆ. ನಮ್ಮಲ್ಲಿ ಒಂದು ಹರಿಯುತ್ತದೆ, ಇನ್ನೊಂದು ಸೋರುತ್ತದೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ನಿಲ್ಲಬೇಕಾದ ಜಾಗ ಬೇರೆಯಿದೆ. ಅಂಗಡಿ, ಶಾಲೆ, ಸರ್ಕಾರ, ಕೊನೆಗೆ ಮನೆಯನ್ನೂ ಇಂಗ್ಲಿಷ್ ‘ರನ್’ ಮಾಡುತ್ತದೆ. ನಾವು ಇವೆಲ್ಲವನ್ನೂ ನಡೆಸುತ್ತೇವೆ. ಸಂಸಾರವನ್ನು ಓಡಿಸಿದರು ಎಂದರೆ ಕಿವಿಗೆ ಹೇಗೆ ಕೇಳುತ್ತದೆ? ಎಳೆಯರೂ ಮುದುಕರೂ ಒಟ್ಟಿಗೆ ಸಾಗಬೇಕಾದ ಕಡೆ ಓಟದ ವೇಗ ಯಾರಿಗೆ ಹೊಂದೀತು? ‘ನಡೆ’ಯಿಂದಲೇ ನಡತೆ ಹುಟ್ಟಿತು, ನಡವಳಿಕೆ ಹುಟ್ಟಿತು. ಮನೆಗೆ ಬಂದ ಸೊಸೆಯನ್ನು ಹೇಗೆ ನಡೆಸಿಕೊಂಡರು, ಆಳನ್ನು ಹೇಗೆ ನಡೆಸಿಕೊಂಡರು ಎಂದು ಇಂದಿಗೂ ಕೇಳುತ್ತೇವೆ. ಮನೆಯನ್ನು ನಡೆಸುವುದೂ ಮನುಷ್ಯರನ್ನು ನಡೆಸಿಕೊಳ್ಳುವುದೂ ಒಂದೇ ಬೇರಿನಿಂದ ಚಿಗುರಿದ ಮಾತುಗಳು ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಲೆಕ್ಕಪತ್ರ ಚೊಕ್ಕಟವಾಗಿದ್ದು ಒಳಗಿನವರು ನೊಂದಿದ್ದರೆ ಆ ಮನೆ ನಡೆಯುತ್ತಿದೆ ಎನ್ನಲು ಬಾಯಿ ಬರುತ್ತದೆಯೆ?

ಚುನಾವಣೆಯ ಮಾತೂ ಹಾಗೆಯೇ. ಅಮೆರಿಕದ ಅಭ್ಯರ್ಥಿ ಅಧಿಕಾರಕ್ಕಾಗಿ ಓಡುತ್ತಾನೆ. ಬ್ರಿಟನ್ನಿನವನು ನಿಲ್ಲುತ್ತಾನೆ, ನಮ್ಮವನೂ ನಿಲ್ಲುತ್ತಾನೆ. ನಿಂತವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಳೆಯಲು ನಮಗೆ ವ್ಯವಧಾನವಿರುತ್ತದೆ. ಓಡುವವನಲ್ಲಿ ನಾವು ನೋಡುವುದು ಅವನು ಎಷ್ಟು ಮುಂದಿದ್ದಾನೆ ಎಂಬುದನ್ನಷ್ಟೇ ಅಲ್ಲವೆ?

ಆದರೂ ‘ರನ್’ ನಮಗೆ ಪರಕೀಯವಾಗಿ ಉಳಿದಿಲ್ಲ. ಕ್ರಿಕೆಟ್ಟು ಅದನ್ನು ಹಳ್ಳಿಯ ಮಕ್ಕಳ ನಾಲಿಗೆಗೂ ತಂದಿದೆ. ಅಲ್ಲಿಯೂ ಒಂದು ವಿಸ್ಮಯವುಂಟು. 2008ರ ಜನವರಿಯ ಸಿಡ್ನಿ ಟೆಸ್ಟಿನಲ್ಲಿ ನಮ್ಮ ರಾಹುಲ್ ದ್ರಾವಿಡ್ 18 ರನ್ನಿಗೆ ಬಂದು ಅಲ್ಲಿಯೇ 40 ಚೆಂಡುಗಳನ್ನು ಆಡಿದರು. ಮುಂದಿನ ಒಂದು ರನ್ ಬಂದಾಗ ಮೈದಾನವೆಲ್ಲ ಚಪ್ಪಾಳೆ ತಟ್ಟಿತು. ಅಣಕದ ಸದ್ದೂ ಅದರಲ್ಲಿ ಇದ್ದೀತು. ಆದರೆ ಟೆಸ್ಟ್ ಪಂದ್ಯಗಳಲ್ಲಿ ಅವರು ಎದುರಿಸಿದ್ದು 31,258 ಚೆಂಡುಗಳನ್ನು, ಅಷ್ಟನ್ನು ಬೇರೆ ಯಾರೂ ಎದುರಿಸಿಲ್ಲ. ಅವರ 13,288 ರನ್ನುಗಳೂ ಆ ನಿಲುವಿನಿಂದಲೇ ಬಂದವು. ಓಡುವುದರ ಹೆಸರು ಹೊತ್ತ ಲೆಕ್ಕವೂ ನಿಲ್ಲಬಲ್ಲವನಿಗೆ ಒಲಿಯಿತು.

ಹಾಗೆಂದು ಓಟವನ್ನು ಹಗುರವಾಗಿ ಕಾಣುವುದು ನಮ್ಮ ನುಡಿಗೂ ಸಲ್ಲದು. ಚಿತ್ರ ನೂರು ದಿನ ಓಡಿದರೆ ಹಿಗ್ಗುತ್ತೇವೆ, ತಲೆ ಓಡದಿದ್ದರೆ ಕುಗ್ಗುತ್ತೇವೆ. ಅದಕ್ಕಿಂತ ಮಿಗಿಲಾಗಿ ‘ಓಡಾಟ’ ಎಂಬ ಮಾತೊಂದು ನಮ್ಮಲ್ಲಿದೆ. ನೆರೆಮನೆಯ ಹುಡುಗಿಯ ಮದುವೆಗೆ ಓಡಾಡಿದರು, ತಂದೆ ಆಸ್ಪತ್ರೆಯಲ್ಲಿದ್ದಾಗ ರಕ್ತಕ್ಕೆ, ಔಷಧಿಗೆ ರಾತ್ರಿಯೆಲ್ಲ ಓಡಾಡಿದರು ಎನ್ನುತ್ತೇವೆ. ಯಾರನ್ನೂ ಹಿಂದಿಕ್ಕುವ ಹಂಬಲ ಆ ಓಡಾಟದಲ್ಲಿರುವುದಿಲ್ಲ. ಅಂಥವರು ಬಂಧುಗಳೇ ಆಗಿರಬೇಕೆಂದಿಲ್ಲ. ಎಷ್ಟೋ ಸಲ ಹೆಸರೂ ಗೊತ್ತಿರದವರು. ಅವರ ಋಣವನ್ನು ನಾವು ಯಾವ ಲೆಕ್ಕದಲ್ಲಿ ಬರೆದಿಟ್ಟಿದ್ದೇವೆ?