ಯಂತ್ರಕ್ಕೆ ಹೇಳದೆ ಬಿಟ್ಟ ಮಾತು

ಕೆಡುಕು ಸಂಭವಿಸಿದಾಗ ನಾವೆಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ಇದನ್ನು ಮಾಡಿದವರು ಯಾರು? ಆದರೆ ಯಾರ ಕೈಯೂ ಸೋಕದೆ ತನ್ನಷ್ಟಕ್ಕೆ ತಾನೇ ಚಲಿಸುವ ಯಂತ್ರದಿಂದ ಕೆಡುಕಾದರೆ ಈ ಪ್ರಶ್ನೆಯನ್ನು ಯಾರಿಗೆ ಕೇಳಬೇಕು? ಯಂತ್ರಕ್ಕೆ ಪಾಪಪ್ರಜ್ಞೆಯಿಲ್ಲ. ಉರ್ದುವಿನಲ್ಲಿ ನಾವು 'ನೀಯತ್' ಎನ್ನುತ್ತೇವಲ್ಲ, ಕೆಲಸದ ಹಿಂದಿನ ಆ ಉದ್ದೇಶವೂ ಅದಕ್ಕಿಲ್ಲ. ಉತ್ತರ ಹುಡುಕಲು ವಿದೇಶದ ಪ್ರಯೋಗಾಲಯಗಳಿಗೇ ಹೋಗಬೇಕಾಗಿಲ್ಲ. ರೋಬೋಟಿಗೆ ಪ್ರೋಗ್ರಾಂ ಬರೆಯಲು ಹೊಸದಾಗಿ ಕಲಿಯುವವರ ಮೊದಲ ಪಾಠವನ್ನು ನೋಡಿದರೂ ಸಾಕು.

ನೀತಿ ಆಯೋಗ 2016ರಲ್ಲಿ ಆರಂಭಿಸಿದ ಯೋಜನೆಯಡಿ ನಮ್ಮ ಅನೇಕ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದಿವೆ. ಇಂತಹ ಕಡೆ ಹೊಸಬರು ಸಾಮಾನ್ಯವಾಗಿ ಮಾಡುವುದು ಕಪ್ಪು ಗೆರೆಯನ್ನು ಹಿಂಬಾಲಿಸುವ ಪುಟ್ಟ ಗಾಡಿ. ಅದರ ಹೊಟ್ಟೆಯಡಿ, ಗೆರೆಯ ಎಡಕ್ಕೊಂದು ಬಲಕ್ಕೊಂದು ಸೆನ್ಸರ್. ಅವು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ನೆಲಕ್ಕೆ ಬಿಡುತ್ತವೆ. ಬಿಳಿ ನೆಲ ಆ ಬೆಳಕನ್ನು ಹಿಂದಿರುಗಿಸುತ್ತದೆ, ಕಪ್ಪು ಗೆರೆ ನುಂಗಿಕೊಳ್ಳುತ್ತದೆ. ಇಷ್ಟರ ಮೇಲೆ ವಿದ್ಯಾರ್ಥಿ ಬರೆಯುವ ಆಜ್ಞೆಗಳು ಸರಳ: ಎಡಗಣ್ಣಿಗೆ ಕಪ್ಪು ಕಂಡರೆ ಎಡಕ್ಕೆ ತಿರುಗು. ಬಲಗಣ್ಣಿಗೆ ಕಂಡರೆ ಬಲಕ್ಕೆ ತಿರುಗು. ಎರಡಕ್ಕೂ ಬಿಳಿ ಕಂಡರೆ ನೇರ ಹೋಗು.

ಟ್ಯೂಬ್‌ಲೈಟಿನ ಕೆಳಗೆ ಗಾಡಿ ಅಚ್ಚುಕಟ್ಟಾಗಿ ಓಡುತ್ತದೆ. ಅದನ್ನೇ ಕಿಟಕಿಯ ಬಳಿ, ನೇರ ಬಿಸಿಲು ಬೀಳುವ ಮೇಜಿನ ಮೇಲಿಟ್ಟರೆ ಗೆರೆಯನ್ನು ಬಿಟ್ಟು, ಮೇಜಿನ ಅಂಚು ದಾಟಿ ಕೆಳಗೆ ಬೀಳಬಹುದು. ಬಿಸಿಲಿನಲ್ಲಿಯೂ ಅವಗೆಂಪು ಬೆಳಕು ಧಾರಾಳವಾಗಿದೆ. ಅದು ಸೆನ್ಸರನ್ನು ತುಂಬಿಬಿಟ್ಟಾಗ ಕಪ್ಪು ಗೆರೆಯೂ ಬಿಳಿಯಾಗಿಯೇ ಕಾಣುತ್ತದೆ. ಹೊಸಬರು ಆಗ ಹೇಳುವ ಮಾತು, "ಇದು ಹೇಳಿದ ಮಾತು ಕೇಳುತ್ತಿಲ್ಲ." ನಿಜಸಂಗತಿ ಇದಕ್ಕೆ ತದ್ವಿರುದ್ಧ. ಹೇಳಿದ್ದನ್ನು ಅದು ಅಕ್ಷರಶಃ ಪಾಲಿಸಿದೆ. 'ಎಲ್ಲವೂ ಸರಿಯಿದೆ' ಎಂಬ ಸ್ಥಿತಿಗೂ 'ಏನೂ ತಿಳಿಯುತ್ತಿಲ್ಲ' ಎಂಬ ಸ್ಥಿತಿಗೂ ನಾವು ಕೊಟ್ಟಿರುವ ಆಜ್ಞೆ ಒಂದೇ: ಮುಂದೆ ಹೋಗು.

ಕಥೆ ಬರೆಯುವ ನಮಗೆ ಇದು ವಿಚಿತ್ರವಾಗಿ ತೋರುತ್ತದೆ. ನಾವು ಹೇಳದೆ ಬಿಟ್ಟದ್ದನ್ನು ಓದುಗರು ತುಂಬಿಕೊಳ್ಳುತ್ತಾರೆ ಎಂಬ ಭರವಸೆಯ ಮೇಲೆಯೇ ಕಥೆ ನಿಂತಿರುತ್ತದೆ. ದಿನನಿತ್ಯದ ಮಾತೂ ಹಾಗೆಯೇ. ಮಗನನ್ನು ಹಾಲು ತರಲು ಕಳಿಸುವಾಗ 'ಅಂಗಡಿ ಮುಚ್ಚಿದ್ದರೆ ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಾ ನಿಲ್ಲಬೇಡ' ಎಂದು ಯಾವ ತಾಯಿಯೂ ಹೇಳುವುದಿಲ್ಲ. ಈ ಗಾಡಿಗೆ ಅದನ್ನೂ ಹೇಳಬೇಕು. ಹೇಳದೆ ಬಿಟ್ಟ ಪ್ರತಿಯೊಂದು ಮಾತೂ ಅಲ್ಲಿ ಒಂದು ಆಜ್ಞೆಯೇ ಆಗಿಬಿಡುತ್ತದೆ.

ಮನುಷ್ಯ ಯಂತ್ರಕ್ಕೆ ಮೊದಲೇ ಪಾಠ ಹೇಳಿಕೊಟ್ಟು ಬಿಡುವುದು ಹೊಸತಲ್ಲ. ದಿಯಾರ್‌ಬಕೀರಿನ ಅರ್ತುಕಿ ದೊರೆಗಳ ಆಶ್ರಯದಲ್ಲಿದ್ದ ಅಲ್ ಜಝರಿ 1206ರಲ್ಲಿ ಮುಗಿಸಿದ ಗ್ರಂಥದಲ್ಲಿ, ವಾದ್ಯ ನುಡಿಸುವ ಬೊಂಬೆಗಳ ದೋಣಿಯೊಂದರ ವರ್ಣನೆಯಿದೆ. ಆದರೆ ಆ ಬೊಂಬೆಗಳು ಸುತ್ತಲಿನವರನ್ನು ನೋಡಿ ತೀರ್ಮಾನ ಮಾಡುತ್ತಿರಲಿಲ್ಲ. ತಾಳ ತಪ್ಪಿದರೂ ಅದು ಔತಣಕೂಟದ ನಗೆಯಲ್ಲಿ ಮುಗಿಯುತ್ತಿತ್ತು. ಇಂದಿನ ಯಂತ್ರ ನೋಡುತ್ತದೆ, ನಿರ್ಧರಿಸುತ್ತದೆ, ಬೀದಿಗೂ ಇಳಿಯುತ್ತದೆ.

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪೆ ನಗರದಲ್ಲಿ, ಪರೀಕ್ಷೆಗೆ ಬಿಟ್ಟಿದ್ದ ಉಬರ್ ಕಂಪನಿಯ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆಯಿತು. ಆಕೆ ಸತ್ತರು. ಡಿಕ್ಕಿಗೆ 5.6 ಸೆಕೆಂಡು ಮುಂಚೆಯೇ ಕಾರು ಆಕೆಯನ್ನು ಗುರುತಿಸಿತ್ತು ಎಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯ ತನಿಖೆ ಹೇಳುತ್ತದೆ. ಅದು ಆಕೆಯನ್ನು ಒಮ್ಮೆ ವಾಹನವೆಂದು, ಒಮ್ಮೆ ಬೇರೇನೋ ಎಂದು, ಮತ್ತೊಮ್ಮೆ ಸೈಕಲ್ ಎಂದು ಬಗೆಯಿತು. ಹೆಸರು ಬದಲಾದಾಗಲೆಲ್ಲ ಆಕೆ ಅಲ್ಲಿಯವರೆಗೆ ನಡೆದುಬಂದ ಜಾಡನ್ನೇ ಮರೆಯಿತು. ಪಾದಚಾರಿಗಳ ಪಟ್ಟೆಯಿಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದು ಎಂಬ ಸಾಧ್ಯತೆಯನ್ನೇ ಆ ವ್ಯವಸ್ಥೆ ಪರಿಗಣಿಸಿರಲಿಲ್ಲ. ಸುಳ್ಳು ಎಚ್ಚರಿಕೆಗಳಿಗೆ ಕಾರು ಬ್ರೇಕ್ ಹಾಕಬಾರದೆಂದು, ತುರ್ತು ಅಪಾಯ ಕಂಡಾಗಲೂ ಒಂದು ಸೆಕೆಂಡು ತಡೆಯುವಂತೆ ಅದನ್ನು ರೂಪಿಸಲಾಗಿತ್ತು.

ಕಾರಿನೊಳಗೆ ನಿಗಾ ವಹಿಸಬೇಕಾಗಿದ್ದ ಚಾಲಕಿಯ ಗಮನ ರಸ್ತೆಯ ಮೇಲಿರಲಿಲ್ಲ. ಆಕೆ 2023ರಲ್ಲಿ ತಪ್ಪೊಪ್ಪಿಕೊಂಡರು. ಆಕೆಗೆ ಮೂರು ವರ್ಷಗಳ ಪ್ರೊಬೇಷನ್ ಆಯಿತು. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಆಧಾರವಿಲ್ಲವೆಂದು ಪ್ರಾಸಿಕ್ಯೂಟರ್ 2019ರಲ್ಲೇ ತೀರ್ಮಾನಿಸಿದ್ದರು. ಚಾಲಕಿಯ ಹೊಣೆ ಸುಳ್ಳಲ್ಲ. ಆದರೆ ಪಟ್ಟೆಯ ಹೊರಗೆ ನಡೆಯುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಆ ಮೌನ ಯಾರದು? ಅಪರಾಧದ ಭಾಷೆಯಲ್ಲಿ ಅದಕ್ಕೊಂದು ಹೆಸರು ಸಿಗಲಿಲ್ಲ. ನೀತಿಯ ಭಾಷೆಯಲ್ಲಾದರೂ ಸಿಗಬೇಕಲ್ಲವೇ?

ಎಲ್ಲವನ್ನೂ ಮೊದಲೇ ಊಹಿಸಲು ಮನುಷ್ಯನಿಂದ ಸಾಧ್ಯವೇ ಎಂದು ಕೇಳಬಹುದು. ಸಾಧ್ಯವಿಲ್ಲ, ನಿಜ. ಆದರೆ ನಾವು ಊಹಿಸದೇ ಇರುವುದು ಏನೋ ಒಂದು ಇದ್ದೇ ಇರುತ್ತದೆ ಎಂಬುದನ್ನು ಖಂಡಿತ ಊಹಿಸಬಹುದು. ಹೊಣೆ ಆರಂಭವಾಗುವುದು ಇಲ್ಲಿ. 'ತಿಳಿಯದಿದ್ದರೆ ಏನು ಮಾಡಬೇಕು' ಎಂಬುದಕ್ಕೆ ಬೇರೆಯೇ ಒಂದು ಸಾಲು ಬರೆಯಬೇಕು. ಮೇಜಿನ ಮೇಲಿನ ಗಾಡಿಗೆ 'ನಿಲ್ಲು' ಎಂದರೆ ಸಾಕು. ಹಾರುತ್ತಿರುವ ಡ್ರೋನ್ ಮೋಟಾರು ನಿಲ್ಲಿಸಿದರೆ ಯಾರದೋ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಆ ಸಾಲನ್ನು ಪ್ರತಿ ಯಂತ್ರಕ್ಕೂ ಕುಳಿತು ಯೋಚಿಸಿಯೇ ಬರೆಯಬೇಕು.

ಇನ್ನೊಂದು ಮಾತು. ಪ್ರೋಗ್ರಾಂ ಬರೆಯುವ ಮೇಜಿನಿಂದ ಎಲ್ಲರೂ ಒಂದೇ ರೀತಿ ಕಾಣುವುದಿಲ್ಲ. ನೇರ ಗೆರೆಯಲ್ಲಿ ಬದುಕುವವರು ಬೇಗ ಕಾಣುತ್ತಾರೆ. ತಳ್ಳುಗಾಡಿಯವರು, ಊರುಗೋಲು ಹಿಡಿದವರು, ಚೀಲ ಹೊತ್ತು ಸಿಕ್ಕಲ್ಲಿ ರಸ್ತೆ ದಾಟುವವರು ತಡವಾಗಿ ಕಾಣುತ್ತಾರೆ, ಅಥವಾ ಕಾಣುವುದೇ ಇಲ್ಲ. ನಮ್ಮ ಊರುಗಳ ಬೀದಿಯಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿನವರೇ. ಲ್ಯಾಬಿನಲ್ಲಿ ಪಾಠ ಹೇಳುವ ಮೇಷ್ಟ್ರುಗಳು ಗಾಡಿ ಓಡಿದ ಕೂಡಲೇ ಚಪ್ಪಾಳೆ ತಟ್ಟಿಸಿ ಮುಗಿಸದೆ, ಅದನ್ನು ಬಿಸಿಲಿಗಿಡಲು ಹೇಳಲಿ. ಮಕ್ಕಳು ಬರೆದ ಆಜ್ಞೆಗಳನ್ನು ಓದಿ, "ಇದರಲ್ಲಿ ಯಾರು ಬಿಟ್ಟುಹೋಗಿದ್ದಾರೆ?" ಎಂದು ಕೇಳಲಿ. ಯಂತ್ರಕ್ಕೆ ನೀಯತ್ ಇಲ್ಲ. ಬರೆಯುವ ಮಕ್ಕಳಿಗೆ ಇದೆ, ಬರೆಯಿಸುವ ಕಂಪನಿಗಳಿಗೂ ಇರಬೇಕಾಗುತ್ತದೆ.