ಮೊಗ್ಗಿನ ಮುಚ್ಚಳ

ಶಿಕಾರಿಪುರ, ಸೊರಬದ ಕಡೆ ಯಾರನ್ನು ಕೇಳಿದರೂ ನೀಲಗಿರಿ ಅಂದರೆ ಒಂದೇ ಮರ. ಸಸ್ಯಶಾಸ್ತ್ರದವರಿಗೆ ಹಾಗಲ್ಲ. ಮೈಸೂರು ಹೈಬ್ರಿಡ್ ಎಂದು ಅರಣ್ಯ ಇಲಾಖೆಯ ನರ್ಸರಿಗಳಿಂದ ಬಂದದ್ದು ಬಹುಪಾಲು ಯೂಕಲಿಪ್ಟಸ್ ಟೆರಿಟಿಕಾರ್ನಿಸ್. ಅದರ ಬೀಜದ ಮೂಲ ನಂದಿಬೆಟ್ಟದ ಹಳೆಯ ಮರಗಳು. ಅವನ್ನು ನೆಡಿಸಿದವನು ಟಿಪ್ಪು ಎನ್ನುತ್ತಾರೆ. ಇದಕ್ಕೊಬ್ಬ ಹತ್ತಿರದ ದಾಯಾದಿ ಇದ್ದಾನೆ: ಯೂಕಲಿಪ್ಟಸ್ ಕಮಲ್ಡುಲೆನ್ಸಿಸ್.

ತೊಗಟೆ ನೋಡಿ ಇವೆರಡನ್ನು ಬೇರೆ ಮಾಡುವುದು ಕಷ್ಟ. ಮೊಗ್ಗು ನೋಡಬೇಕು. ನೀಲಗಿರಿ ಮೊಗ್ಗಿನ ಮೇಲೊಂದು ಮುಚ್ಚಳವಿರುತ್ತದೆ, ಹೂ ಅರಳುವಾಗ ಕಳಚಿ ಬೀಳುತ್ತದೆ. ಟೆರಿಟಿಕಾರ್ನಿಸ್‌ಗೆ ಅದು ಕೊಂಬಿನ ಹಾಗೆ ಉದ್ದ. ಕಮಲ್ಡುಲೆನ್ಸಿಸ್‌ಗೆ ಸಾಮಾನ್ಯವಾಗಿ ಗಿಡ್ಡ, ತುದಿಯಲ್ಲಿ ಸಣ್ಣ ಕೊಕ್ಕು. ಬೀಜ ಅಂಗೈಗೆ ಸುರಿದುಕೊಂಡರೆ ಇನ್ನೂ ಸುಲಭ: ಮೊದಲನೆಯದು ಕಪ್ಪುಗಂದು, ಎರಡನೆಯದು ಹಳದಿ. ಆದರೆ ಎರಡೂ ಪರಸ್ಪರ ಕೂಡಿ ಮಿಶ್ರತಳಿ ಹುಟ್ಟುವುದುಂಟು. ಅಂಥ ಮರದ ಮುಂದೆ ಪಂಡಿತರೂ ತಲೆ ಕೆರೆದುಕೊಳ್ಳಬೇಕು.

ನಿಜವಾದ ವ್ಯತ್ಯಾಸ ತವರಿನಲ್ಲಿದೆ. ಕಮಲ್ಡುಲೆನ್ಸಿಸ್ ಆಸ್ಟ್ರೇಲಿಯದ ಹೊಳೆದಂಡೆಯ ಮರ. ಮರ್ರೆ, ಡಾರ್ಲಿಂಗ್ ನದಿಗಳ ನೆರೆಯಲ್ಲಿ ವಾರಗಟ್ಟಲೆ ಕಾಲು ನೆನೆಸಿಕೊಂಡು ನಿಲ್ಲುತ್ತದೆ, ಶತಮಾನಗಳ ಕಾಲ ಬದುಕುತ್ತದೆ, ಅದರ ಪೊಟರೆಗಳಲ್ಲಿ ಗಿಳಿಗಳು ಮರಿ ಮಾಡುತ್ತವೆ. ಟೆರಿಟಿಕಾರ್ನಿಸ್ ಅಲ್ಲಿನ ಪೂರ್ವ ಕರಾವಳಿ ಸೀಮೆಯ ಕಾಡುಗಳದ್ದು, ಪಪುವಾ ನ್ಯೂಗಿನಿಯವರೆಗೂ ಹಬ್ಬಿದೆ. ನಮ್ಮಲ್ಲಿ ಏಳೆಂಟು ವರ್ಷಕ್ಕೇ ಗರಗಸ ಬೀಳುತ್ತದೆ. ಕಾಗದಕ್ಕೆ, ರೇಯಾನಿನ ತಿರುಳಿಗೆ ಬೇಕಾದದ್ದು ನಾರು. ಪೊಟರೆ ಆಗುವಷ್ಟು ವಯಸ್ಸು ಯಾವ ನೆಡುತೋಪಿನ ಮರಕ್ಕೂ ಸಿಗುವುದಿಲ್ಲ.

ಅದಕ್ಕೇ ಇರಬೇಕು, ಇಲ್ಲಿ ಜಗಳ ನಡೆದದ್ದು ಜಾತಿಯ ಬಗ್ಗೆ ಅಲ್ಲ, ನೆಲದ ಬಗ್ಗೆ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿದವು. ಶಿವಮೊಗ್ಗವೂ ಸೇರಿದಂತೆ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಅದಕ್ಕೆ ಕೊಡುವ ಯೋಜನೆ. ಸರ್ಕಾರಿ ಕಾಗದದಲ್ಲಿ ಪಾಳು ಎಂದಿದ್ದ ಜಾಗಗಳಲ್ಲಿ ಊರವರು ದನ ಮೇಯಿಸುತ್ತಿದ್ದರು, ಸೌದೆ, ಸೊಪ್ಪು ತರುತ್ತಿದ್ದರು. 1987ರ ನವೆಂಬರ್ 14ರಂದು ಸೊರಬದ ನೆರೆಯ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಅದೇ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಸಸಿ ಕಿತ್ತವರು ಮೊಗ್ಗಿನ ಮುಚ್ಚಳ ನೋಡಲಿಲ್ಲ; ನೋಡಬೇಕಾಗಿಯೂ ಇರಲಿಲ್ಲ.

2017ರ ಸರ್ಕಾರಿ ನಿಷೇಧವೂ ಎಲ್ಲ ನೀಲಗಿರಿಗೂ ಸೇರಿ ಒಂದೇ. ಅದು ತಡೆದದ್ದು ಹೊಸದಾಗಿ ನೆಡುವುದನ್ನು. ಆದರೆ ಕಡಿದ ಬೊಡ್ಡೆಯಿಂದ ಮತ್ತೆ ಚಿಗುರುವುದರಲ್ಲಿ ದಾಯಾದಿಗಳಿಬ್ಬರೂ ಸಮಾನರು. ಬೊಡ್ಡೆ ಕೀಳುವ ಖರ್ಚು ಯಾರದೆಂಬುದು ಹೊಲದವನ ಪ್ರಶ್ನೆ.