ಹೇಳದೇ ಇರೋದು ಸುಳ್ಳಾ?

ಸಭೆ ಕೂಡುವ ಹಾಲ್ ಬಿಡಬೇಕು ಅಂತ ಪಾಸ್ಟರ್‌ಗೂ ಲೀಡರ್‌ಗಳಿಗೂ ಗೊತ್ತು. ವಿಶ್ವಾಸಿಗಳಿಗೆ ಹೇಳಿಲ್ಲ. ಅದೇ ಹಾಲ್‌ಗೆ ಹೊಸ ಸೌಂಡ್ ಸಿಸ್ಟಮ್ ಹಾಕೋಕೆ ಕಾಣಿಕೆ ಕೇಳ್ತಾ ಇದ್ದಾರೆ. ಇದು ಜ್ಞಾನವೋ, ಮೋಸವೋ?

ಕೆಲವರು ನೆಹೆಮೀಯನನ್ನು ತೋರಿಸ್ತಾರೆ. ಹೌದು, ಅವನು ರಾತ್ರಿ ಹೊತ್ತು ಕೆಲವರನ್ನೇ ಕರಕೊಂಡು ಹೋಗಿ ಬಿದ್ದ ಗೋಡೆ ನೋಡಿದ, ಯಾರಿಗೂ ಹೇಳಲಿಲ್ಲ. ಆದರೆ ನೋಡಿದ ಮೇಲೆ? ಜನರನ್ನು ಕರೆದು ದುರವಸ್ಥೆಯನ್ನು ಇದ್ದ ಹಾಗೇ ಹೇಳಿದ, ತನ್ನನ್ನೂ ಅದರೊಳಗೆ ಸೇರಿಸಿಕೊಂಡ. ಅದಕ್ಕೆ ಮುಂಚೆ ಆ ಜನರ ಹತ್ತಿರ ಒಂದು ಕಲ್ಲೂ ಕೇಳಲಿಲ್ಲ.

ನಾವೀಗ ಕೂತಿರೋದು ಹೊನ್ನೆಮರಡಿನ ಹಿನ್ನೀರಿನ ದಡದಲ್ಲಿ. ನಿಮಗೆ ಕಯಾಕಿಂಗ್ ಜಾಗ, ಇರಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರುಗಳ ಜೊತೆ ಹಳೇ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದು ಮತ್ತೆ ಕಾಣುತ್ತೆ. ಊರು ಬಿಟ್ಟ ಶರಾವತಿ ಸಂತ್ರಸ್ತರ ಕುಟುಂಬಗಳು ಭೂಮಿ ಹಕ್ಕಿಗಾಗಿ ಇವತ್ತಿಗೂ ಅಲೆಯುತ್ತಿವೆ. ಜಾಗ ಬಿಡುವವರಿಗೆ ಹೇಳಬೇಕಾದ್ದನ್ನು ಪೂರ್ತಿ ಹೇಳಬೇಕು.

ಲೀಡರ್‌ಗಳೇ, ಯಾವಾಗ ಬಿಡ್ತೀವಿ, ಎಷ್ಟು ದುಡ್ಡಿದೆ, ಯಾವುದು ಇನ್ನೂ ತೀರ್ಮಾನ ಆಗಿಲ್ಲ, ಅಷ್ಟನ್ನೂ ಹೇಳಿ. ವಾಟ್ಸಾಪ್‌ನಲ್ಲಿ ಬೇಡ. ಬರುವ ಭಾನುವಾರ, ಕಾಣಿಕೆ ಎತ್ತುವ ಮೊದಲೇ.